ಥಾಂಬೂಯಾ ಅಂದರೆ

ಹೋದ ವಾರ ಡೊಂಬಿವಲಿಯಿಂದ ಠಾಣೆಗೆ ಹೋಗುವ ಮುಂಬಯಿ ಲೋಕಲ್‌ನಲ್ಲಿ ಎದುರಿಗೆ ಕೂತವರು ಫ್ಲಾಸ್ಕಿನ ಮುಚ್ಚಳ ತೆಗೆದರು. ಕೊತ್ತಂಬರಿ, ಜೀರಿಗೆ ಹುರಿದು ಮಾಡಿದ ಕಷಾಯದ ವಾಸನೆ. ನನಗೆ ಕ್ಯಾಂಟೀನ್ ಮಾಮ ನೆನಪಾದರು.

ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ಎದುರು ಮನೆಯವರು, ಉಡುಪಿ ಕಡೆಯವರು. ಕಾರ್ಖಾನೆಯೊಂದರ ಕ್ಯಾಂಟೀನ್ ನಡೆಸಿ ನಿವೃತ್ತರಾಗಿದ್ದರು. ಪ್ರಾಸ್ಟೇಟ್ ಕ್ಯಾನ್ಸರಿಗೆ ಆಪರೇಷನ್ ಆಗಿ ನಾಲ್ಕು ವರ್ಷದ ಮೇಲೆ ರಕ್ತಪರೀಕ್ಷೆಯ ಪಿಎಸ್‌ಎ ಅಂಕಿ ಮತ್ತೆ ಏರತೊಡಗಿತು. ಕಾಯಿಲೆ ಮರಳಿತ್ತು. ರೇಡಿಯೇಷನ್ ಈಗಲೇ ಬೇಕೋ ಬೇಡವೋ ಎಂದು ಕೇಳಲು ಖಾರಘರದ ಆಸ್ಪತ್ರೆಗೆ ಹೋಗಬೇಕಿತ್ತು. ಮಗಳಿಗೆ ರಜೆ ಸಿಗಲಿಲ್ಲ, ಅವರಿಗೆ ಕಿವಿ ಮಂದ. ಜೊತೆಗೆ ನಾನು ಹೋದೆ.

ಮೈಸೂರಿನಿಂದ ಬಂದು ಎರಡು ವರ್ಷವಾಗಿದ್ದ ನನಗೆ ಮರಾಠಿ ಬರುತ್ತದೆಂಬ ಜಂಬ. ಕಲಿತದ್ದೆಲ್ಲ ಬಸ್ಸಿನಲ್ಲಿ. ಇಳಿಯುವವರು ‘ಥಾಂಬಾ, ಥಾಂಬಾ’ ಎಂದರೆ ಬಸ್ಸು ನಿಲ್ಲುತ್ತಿತ್ತು. ಡಾಕ್ಟರು ರಿಪೋರ್ಟು ನೋಡಿ ‘ಥಾಂಬೂಯಾ’ ಎಂದರು. ನಾನು ಮಾಮನ ಕಿವಿಯ ಹತ್ತಿರ ಬಾಗಿ, “ನಿಲ್ಲಿಸೋಣ ಅಂದ್ರು” ಎಂದೆ.

ಅವರು ಫೈಲನ್ನು ಮಡಿಲಿಗೆ ಎಳೆದುಕೊಂಡರು. “ಅಡ್ಡಿಯಿಲ್ಲ ಮಾರಾಯ್ರೆ. ಇನ್ನು ಮದ್ದು ಸಾಕು ಅಂತ, ಅಲ್ವಾ?” ನಾನೂ ಹಾಗೆಯೇ ತಿಳಿದಿದ್ದೆ. ಬರುವಾಗ ಫ್ಲಾಸ್ಕಿನ ಕಷಾಯವನ್ನು ನನಗೂ ಬಗ್ಗಿಸಿ ಕೊಟ್ಟರು... ಮಗಳಿಗೆ ‘ಏನೂ ಬೇಡ ಅಂದ್ರು’ ಎಂದಷ್ಟೇ ಹೇಳಿದರಂತೆ. ಮೂರು ತಿಂಗಳಿಗೆ ಮತ್ತೆ ರಕ್ತಪರೀಕ್ಷೆ ಎಂದು ಚೀಟಿಯಲ್ಲಿ ಬರೆದಿತ್ತು. ನಾನು ಅದನ್ನು ಓದಲೇ ಇಲ್ಲ. ಫೈಲು ಕಪಾಟು ಸೇರಿತು.

ಏಳು ತಿಂಗಳ ಮೇಲೆ ಮಾತಿಗೆ ಮಾತು ಬಂದು, ಡಾಕ್ಟರು ಆಡಿದ ಶಬ್ದವನ್ನು ಮಗಳೆದುರು ಹೇಳಿದೆ. ಇಲ್ಲೇ ಹುಟ್ಟಿದವಳು, ಕನ್ನಡ ತಿಳಿದರೂ ಉತ್ತರ ಮರಾಠಿಯಲ್ಲೇ. “ಕಾಕಾ, ಥಾಂಬೂಯಾ ಮ್ಹಣಜೇ ವಾಟ್ ಬಘೂಯಾ!” ಎಂದು ಕೂಗಿದಳು. ಕಾದು ನೋಡೋಣ ಎಂದಿದ್ದರು ಡಾಕ್ಟರು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು ನನಗೆ.

ಅಷ್ಟರಲ್ಲಿ ಅಂಕಿ ಬಹಳ ಏರಿತ್ತು. ಮತ್ತೆ ಖಾರಘರಕ್ಕೆ ಹೋಗುವಾಗ ಮಗಳು ರಜೆ ಹಾಕಿದಳು. ನಾನು ನಮ್ಮ ಮನೆ ಬಾಗಿಲ ಮರೆಯಲ್ಲೇ ಉಳಿದಿದ್ದೆ. ಮಾಮ ಕರೆದರು: “ಇವರೂ ಬರ್ಲಿ. ಇನ್ನು ಎರಡೆರಡು ಸಲ ಕೇಳಿಯೇ ಹೇಳ್ತಾರೆ.” ಹಾಗೆಯೇ ಕೇಳಿದೆ. ರೇಡಿಯೇಷನ್, ಜೊತೆಗೆ ಹಾರ್ಮೋನ್ ಇಂಜೆಕ್ಷನ್ ಎಂದಾಯಿತು. ಮುಂಚೆಯೇ ಬಂದಿದ್ದರೆ ಇಂಜೆಕ್ಷನ್ ತಪ್ಪುತ್ತಿತ್ತೇ ಎಂದೂ ಕೇಳಿದೆ. ಹೇಳಲಾಗದು ಎಂದರು ಡಾಕ್ಟರು.

ಏಳು ವಾರ ಹೋಗಿಬಂದರು. ರಜೆಯಿದ್ದಾಗ ನಾನೂ ಹೋಗುತ್ತಿದ್ದೆ. ಠಾಣೆಗೆ ಮುಂಚಿನ ಕಲ್ವಾ ಹತ್ತಿರ ಗಾಡಿ ನಿಂತರೆ ಸಾಕು, ಮಾಮ ನನ್ನ ಕಡೆ ತಿರುಗಿ, “ಇದು ನಿಲ್ಲಿಸಿದ್ದಾ, ಕಾಯುದಾ? ಸರೀ ಕೇಳಿ ಹೇಳಿ ಮಾರಾಯ್ರೆ” ಎನ್ನುತ್ತಿದ್ದರು. ಆಮೇಲೆ ಆರು ವರ್ಷ ಬದುಕಿದರು. ಒಮ್ಮೆಯೂ ನನ್ನನ್ನು ದೂರಲಿಲ್ಲ. ದೂರಿದ್ದರೆ ಮನಸ್ಸು ಹಗುರಾಗುತ್ತಿತ್ತೇನೋ...

ಹೋದ ವಾರವೂ ಕಲ್ವಾ ಹತ್ತಿರ ಗಾಡಿ ನಿಂತಿತು. ಅಭ್ಯಾಸಬಲದಿಂದ ಪಕ್ಕಕ್ಕೆ ತಿರುಗಿದೆ. ಯಾರೋ ಮೊಬೈಲು ನೋಡುತ್ತ ಕೂತಿದ್ದರು.

“ಕಾಯೋದು, ಮಾಮ” ಎಂದೆ, ನನಗಷ್ಟೇ ಕೇಳುವಂತೆ.