ಮುನೀಮನ ಸೋಮವಾರ

ಸೊಲ್ಲಾಪುರದ ನವಿ ಪೇಠದಲ್ಲಿ ಚಾದರ, ಟಾವೆಲ್ಲುಗಳ ಅಂಗಡಿ ಇಟ್ಟಿರುವ ಶಾಂತಲಿಂಗಪ್ಪನವರ ಹೆಂಡತಿ ಸುಮಿತ್ರಾಬಾಯಿಯವರಿಗೆ ಎರಡು ವಿಷಯಗಳಲ್ಲಿ ಭಾರಿ ಹೆಮ್ಮೆ ಇತ್ತು. ಒಂದು, ಮದುವೆಯಾಗಿ ಬಂದಾಗಿನಿಂದ ಅವರು ಸೋಮವಾರದ ಉಪವಾಸ ತಪ್ಪಿಸಿದವರಲ್ಲ. ಇನ್ನೊಂದು, ಅವರ ಮನೆಯ ಬೆಕ್ಕೂ ಸೋಮವಾರ ಹಿಡಿಯುತ್ತಿತ್ತು.

ನಗಬೇಡಿ. ಪೇಠದಲ್ಲಿ ಇದು ಎಲ್ಲರೂ ಒಪ್ಪಿಕೊಂಡಿದ್ದ ಮಾತು. ಬೆಕ್ಕಿನ ಹೆಸರು ಮುನೀಮ. ಸೊಸೆ ಮನೀಷಾ ಅಕ್ಕಲಕೋಟದ ತವರಿನಿಂದ ಬರುವಾಗ ಅವಳ ಸೀರೆಗಳ ಬುಟ್ಟಿಯಲ್ಲಿ ಕೂತು ಬಂದ ಮರಿ ಅದು. ದೊಡ್ಡದಾದ ಮೇಲೆ ಅಂಗಡಿಯ ಬಿಳಿ ಗಾದಿಯ ಮೇಲೆ, ಯಜಮಾನರ ಮಗ್ಗುಲಲ್ಲಿ, ಲೆಕ್ಕ ಬರೆಯುವ ಹಳೆಯ ಮುನೀಮರ ಹಾಗೆ ಕಣ್ಣು ಅರೆಮುಚ್ಚಿ ಕೂರಲು ಶುರುಮಾಡಿತು. ಹೆಸರು ತಾನಾಗಿಯೇ ಬಂತು. ಸೋಮವಾರ ಅಂಗಡಿಯ ಮೇಲಿನ ಮನೆಯಲ್ಲಿ ಹಗಲು ಒಲೆ ಹೊತ್ತುವುದಿಲ್ಲ. ಸಂಜೆ ಪೂಜೆ ಮುಗಿದ ಮೇಲೆಯೇ ಊಟ. ಬ್ಯಾಂಕಿಗೆ ಹೋಗುವ ಮನೀಷಾಳಿಗೂ ಮಗ ನಿತಿನನಿಗೂ ಮಾತ್ರ ವಿನಾಯಿತಿ ಇತ್ತು. ಅವರು ಹೊರಗೆ ಏನು ತಿನ್ನುತ್ತಾರೆಂದು ಸುಮಿತ್ರಾಬಾಯಿ ಕೇಳುತ್ತಿರಲಿಲ್ಲ. ಉಳಿದವರು ಮೂವರು: ಗಂಡ, ಹೆಂಡತಿ, ಬೆಕ್ಕು. ಅಂದು ಮುನೀಮನ ಬಟ್ಟಲು ಬೋರಲು. ಅವನೋ, ಒಮ್ಮೆಯೂ ಮ್ಯಾಂವ್ ಎನ್ನದೆ ಮೆಟ್ಟಿಲಿಳಿದು ಅಂಗಡಿಗೆ ಹೋಗಿ ತಣ್ಣಗೆ ಮಲಗಿಬಿಡುತ್ತಿದ್ದ.

"ಹ್ವಾದ ಜನ್ಮದಾಗ ಯಾವ ಮಠದಾಗ ಇದ್ನೋ ಏನೋ," ಎಂದು ಸುಮಿತ್ರಾಬಾಯಿ ನೆರೆಯ ಹೆಂಗಸರ ಮುಂದೆ ಹೇಳುತ್ತಿದ್ದರು. ಹೀಗೆ ಹೇಳುವಾಗ ಶಾಂತಲಿಂಗಪ್ಪ ಯಾವಾಗಲೂ ಟಾವೆಲ್ಲು ಮಡಚುವುದರಲ್ಲಿ ಮಗ್ನರಾಗಿರುತ್ತಿದ್ದರು.

ಸುಮಿತ್ರಾಬಾಯಿಯವರಿಗೆ ಸಕ್ಕರೆ ಕಾಯಿಲೆ ಇತ್ತು. "ಗುಳಿಗಿಗೇನೂ ಉಪವಾಸಿಲ್ಲ," ಎಂದು ಸೋಮವಾರವೂ ಬೆಳಿಗ್ಗೆ ಗುಳಿಗೆಯನ್ನು ಬರೀ ನೀರಿನ ಜೊತೆ ನುಂಗುತ್ತಿದ್ದರು. ಮಧ್ಯಾಹ್ನ ದಾಟಿತೆಂದರೆ ಕೈ ಸಣ್ಣಗೆ ನಡುಗುತ್ತಿತ್ತು, ಹಣೆ ಬೆವರುತ್ತಿತ್ತು, ಕಣ್ಣ ಮುಂದೆ ದೇವರ ಮನೆ ಅಲುಗಿದಂತಾಗುತ್ತಿತ್ತು. ಶಿವ ಹತ್ತಿರ ಬಂದಾಗ ಹಾಗಾಗುತ್ತದೆ ಎಂದು ಅವರು ನಂಬಿದ್ದರು. ರಕ್ತದ ಸಕ್ಕರೆ ನೋಡುವ ಮಶೀನನ್ನು ಮನೀಷಾ ಎಂದೋ ತಂದುಕೊಟ್ಟಿದ್ದಳು. ಅದು ಟ್ರಂಕಿನಲ್ಲಿ ಇಳಕಲ್ಲ ಸೀರೆಗಳ ಕೆಳಗೆ, ಡಬ್ಬಿಯ ಪ್ಲಾಸ್ಟಿಕ್ಕು ಕೂಡ ಬಿಚ್ಚದೆ, ಸುಖವಾಗಿ ಮಲಗಿತ್ತು. "ಬ್ಯಾನಿ ಐತಿ ಅಂತ ನನಗ ಗೊತ್ತೇ ಐತೆಲ್ಲ, ಮತ್ತ ಬೆರಳ ಚುಚ್ಚಿ ಕೇಳೂದು ಏನೈತಿ?" ಎನ್ನುವುದು ಅವರ ವಾದ. ಈ ವಾದವನ್ನು ಗೆದ್ದವರು ಆ ಮನೆಯಲ್ಲಿ ಯಾರೂ ಇಲ್ಲ.

ಈ ಬೇಸಿಗೆಯಲ್ಲಿ ಮುನೀಮ ಸೊರಗಿದ. ಬಕೆಟ್ಟಿಗೆ ಬಾಯಿಟ್ಟರೆ ಎತ್ತುತ್ತಿರಲಿಲ್ಲ, ಅಷ್ಟು ನೀರು ಕುಡಿದ. ಗಾದಿ ಒದ್ದೆ ಮಾಡಿದ. ಪ್ರಣಿತಾ ಎಂಬ ಪ್ರಾಣಿಗಳ ಡಾಕ್ಟರು, ಇನ್ನೂ ಎಳೆಯ ವಯಸ್ಸಿನವಳು, ಪರೀಕ್ಷೆ ಮಾಡಿ ಹೇಳಿದಳು: "ಆಜಿ, ಇವಗ ಡಯಾಬಿಟಿಸ್ ಐತಿ."

"ಬೆಕ್ಕಿಗ್ಯಾ?"

"ಬೆಕ್ಕಿಗೂ. ಘಾಬರಿ ಆಗಬ್ಯಾಡ್ರಿ. ಹಾಲು-ರೊಟ್ಟಿ ಬಂದ್. ಈ ಪಾಕೀಟಿನ ಖಾಣಾ ಹಾಕ್ರಿ. ದಿನಾ ಎರಡ ಹೊತ್ತು ಇನ್ಸುಲಿನ್. ಆದ್ರ ಇಲ್ಲಿ ಬಂದ್ರ ಹೆದರಿಕಿಗೇ ಇವನ ಸಕ್ಕರಿ ಏರತೈತಿ. ಖರೇ ನಂಬರ್ ಬೇಕಂದ್ರ ಮನ್ಯಾಗ ನೀವ ನೋಡಬೇಕು. ಮೊದಲ ನೋಡ್ರಿ, ಆಮ್ಯಾಲ ಉಣಸ್ರಿ, ಉಂಡ ಮ್ಯಾಲ ಇಂಜೆಕ್ಷನ್. ಉಣಲಿಲ್ಲ ಅಂದ್ರ ಇಂಜೆಕ್ಷನ್ ಬ್ಯಾಡ, ನನಗ ಫೋನ್ ಮಾಡ್ರಿ. ಸಕ್ಕರಿ ಪೂರಾ ಇಳದು ನಡಗಾಕತ್ತಿದ್ರ ವಸಡಿಗಿ ಜೇನತುಪ್ಪ ಹಚ್ರಿ."

ಸುಮಿತ್ರಾಬಾಯಿ ಎಲ್ಲವನ್ನೂ ಗಂಟು ಹಾಕಿಕೊಂಡವರಂತೆ ತಲೆಯಾಡಿಸಿದರು. ಪಾಕೀಟಿನೊಳಗೆ ಮೀನಿದೆಯೋ ಮಾಂಸವಿದೆಯೋ ಎಂದು ಮಾತ್ರ ಕೇಳಲಿಲ್ಲ. "ಓದಿದ್ರ ಪಾಪ ಹತ್ತತೈತಿ, ಓದಲಾರದವರಿಗೆ ಯಾತರ ಪಾಪ?" ಎಂದು ಅದನ್ನು ಮಾಳಿಗೆಯ ಮೂಲೆಯಲ್ಲಿ, ಬೇರೆ ಬಟ್ಟಲಲ್ಲಿ, ಮುಖ ಆಚೆ ತಿರುಗಿಸಿ ಸುರಿಯತೊಡಗಿದರು.

ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂದು ಇಲಿಗಳು ಕೇಳಿಕೊಂಡವಂತೆ. ಈ ಮನೆಯಲ್ಲಿ ಸೂಜಿ ಚುಚ್ಚುವವರು ಯಾರು ಎಂಬ ಪ್ರಶ್ನೆ ಎದ್ದಿತು. ಶಾಂತಲಿಂಗಪ್ಪನವರು ರಕ್ತ ಕಂಡರೆ ಕುಸಿಯುವವರು. ಕ್ಷೌರದಲ್ಲಿ ಗಲ್ಲ ಕೊಯ್ದುಕೊಂಡರೆ ಕನ್ನಡಿಗೆ ಬೆನ್ನು ತಿರುಗಿಸಿ ನಿಲ್ಲುವ ಮನುಷ್ಯ. ಕೊನೆಗೆ ಟ್ರಂಕಿನ ಮಶೀನು ಹೊರಬಂತು. ನಿತಿನ ಫೋನಿನಲ್ಲಿ ವೀಡಿಯೊ ಹಚ್ಚಿ ಹಿಡಿದ. ಮನೀಷಾ ಸೂಜಿ ಹಿಡಿದಳು. ಸುಮಿತ್ರಾಬಾಯಿ ಬೆಕ್ಕನ್ನು ತೊಡೆಯ ಮೇಲಿಟ್ಟುಕೊಂಡು ತಮ್ಮ ಕಣ್ಣಿಗೇ ಸೆರಗು ಮುಚ್ಚಿಕೊಂಡರು.

ಮೊದಲ ಸಲ ಚುಚ್ಚಿದರೆ ರಕ್ತ ಬರಲಿಲ್ಲ. ಎರಡನೆಯ ಸಲ ಬಂದ ಹನಿ ಕೂದಲಲ್ಲಿ ಸೇರಿ ಮಾಯವಾಯಿತು. ಮೂರನೆಯ ಸಲ ಒಳ್ಳೆಯ ಹನಿ ಬಂತು, ಆದರೆ ಕಾದು ಕಾದು ಮಶೀನು ತಾನೇ ಆರಿಹೋಗಿತ್ತು. ಅಷ್ಟು ಹೊತ್ತಿಗೆ ಮುನೀಮನಿಗೂ ಸಾಕಾಯಿತು. ನಿತಿನನ ಅಂಗಿಯ ಮೇಲೆ ನಾಲ್ಕು ಗೆರೆ ಎಳೆದು, ಕೆಳಗಿನ ಅಂಗಡಿಗೆ ಹಾರಿ, ಪೇರಿಸಿಟ್ಟ ಚಾದರದ ಥಪ್ಪಿಗಳ ಮೇಲೆ ಏರಿ ಕೂತ. ಇಳಿಸಲು ಹೋದ ಆಳು ರಾಚಪ್ಪನ ಮೇಲೆ ಥಪ್ಪಿಯೇ ಮಗುಚಿತು. ಅದರೊಳಗಿಂದ ನಿತಿನ ಅವನನ್ನು ಹಿಡಿದು ಮತ್ತೆ ಮೇಲೆ ತಂದ.

ಸುಮಿತ್ರಾಬಾಯಿ ಸೆರಗು ಸರಿಸಿದರು. "ಕೊಡ್ರಿ ಇಲ್ಲೆ. ಕುರುಡರು ಸೂಜಿ ಪೋಣಿಸಿದಂಗ ಮಾಡಾಕತ್ತೀರಿ."

ಅವರು ಮಾಡಿದ್ದು ಇಷ್ಟೇ. ನವಿ ಪೇಠದಲ್ಲಿ ಬಟ್ಟೆ ಕೊಳ್ಳುವವರೂ ಮಾರುವವರೂ ಮೊದಲು ಅರಿವೆಯನ್ನು ಬೆಳಕಿಗೆ ಹಿಡಿಯುತ್ತಾರೆ. ಎಳೆ ಎಲ್ಲಿ ತೆಳ್ಳಗಿದೆ, ಎಲ್ಲಿ ತಪ್ಪಿದೆ ಎಂದು ಆಗ ಕಾಣುತ್ತದೆ. ಸುಮಿತ್ರಾಬಾಯಿ ಮುನೀಮನನ್ನು ಕಿಟಕಿಗೆ ಒಯ್ದು, ಬಿಸಿನೀರಿಗೆ ಅದ್ದಿ ಹಿಂಡಿದ ಟಾವೆಲ್ಲಿನ ತುದಿಯಿಂದ ಕಿವಿ ಬೆಚ್ಚಗೆ ಮಾಡಿ, ಬಿಸಿಲಿಗೆ ಎದುರಾಗಿ ಹಿಡಿದರು. ಕಿವಿಯ ಅಂಚಿನಗುಂಟ, ಸೀರೆಯ ದಡಿಯಂತೆ, ಒಂದು ಸಣ್ಣ ಕೆಂಪು ಗೆರೆ ಕಂಡಿತು.

"ನೋಡ್ರಿ, ದಡಿ ಐತಿ. ದಡಿಗಿ ಹತ್ತೇ ಚುಚ್ಚಬೇಕು, ನಡುವ ಅಲ್ಲ."

ಕಿವಿಯ ಹಿಂದೆ ಅರಳೆ ಒತ್ತಿ ಹಿಡಿದು, ಟಕ್ಕೆಂದು ಚುಚ್ಚಿದರು. ಕುಂಕುಮದ ಚುಕ್ಕೆಯಷ್ಟು ರಕ್ತ. ಮಶೀನಿನ ಪಟ್ಟಿ ತಾಗಿಸಿದರು. ಮಶೀನು ಯೋಚಿಸಿ ಮುನ್ನೂರ ಹನ್ನೆರಡು ಎಂದಿತು. ಅದು ಕೆಟ್ಟ ನಂಬರು, ಆದರೂ ಮನೆಯವರೆಲ್ಲ ಮಗ ಪಾಸಾದವರಂತೆ ಚಪ್ಪಾಳೆ ತಟ್ಟಿದರು. ಬಾಗಿಲ ಆಚೆ ಗೋಡೆಗೆ ಮುಖ ಮಾಡಿ ನಿಂತಿದ್ದ ಶಾಂತಲಿಂಗಪ್ಪ, "ಮುಗೀತೇನು?" ಎಂದು ಕೇಳಿದರು.

ಅಲ್ಲಿಂದ ಅದು ಸುಮಿತ್ರಾಬಾಯಿಯವರ ನಿತ್ಯದ ಕೆಲಸವಾಯಿತು. ಮುನೀಮನೂ ಟಾವೆಲ್ಲು ಕಂಡರೆ ತಾನೇ ಕಿಟಕಿಗೆ ಬಂದು ಕೂರುವಷ್ಟು ಪಳಗಿದ. ನಂಬರು ಇಳಿಯತೊಡಗಿತು, ಮೈ ತುಂಬತೊಡಗಿತು. ನೆರೆಯವರು ನೋಡಲು ಬಂದರು, ನೋಡಿ ಬೆರಗಾದರು. "ಅತ್ತಿ, ಈಗರ ನಿಮ್ಮದೂ ಒಮ್ಮೆ ನೋಡೂಣಲ್ರಿ," ಎಂದು ಮನೀಷಾ ಮೆಲ್ಲಗೆ ಕೇಳಿದರೆ, "ನನ್ನ ಬೆರಳಾಗ ಬೆಳಕ ಹಾಯಂಗಿಲ್ಲವಾ," ಎಂದು ಜಾರಿಕೊಂಡರು.

ಶ್ರಾವಣ ಬಂತು. ಒಂದು ಸೋಮವಾರ ಅಕ್ಕಲಕೋಟದಲ್ಲಿ ಮನೀಷಾಳ ಅಣ್ಣನ ಕೂಸಿಗೆ ಹೆಸರಿಡುವ ಕಾರ್ಯ. ಮಗ, ಸೊಸೆ, ಯಜಮಾನರು ಕಾರಿನಲ್ಲಿ ಹೊರಟರು. ಮುನೀಮನ ಸೂಜಿಯೂ ಶಿವನ ಪೂಜೆಯೂ ಇದ್ದುದರಿಂದ ಸುಮಿತ್ರಾಬಾಯಿ ಉಳಿದರು. ಶಾಂತಲಿಂಗಪ್ಪ ಮೆಟ್ಟಿಲಿಳಿದವರು ಮತ್ತೆ ಹತ್ತಿ ಬಂದರು.

"ಮುನೀಮನ್ನೂ ಕರಕೊಂಡ ಹೋಗ್ಲೇನು?"

"ಅವನ್ಯಾಕ? ಕೂಸಿಗೆ ಹೆಸರ ಇಡಾಕ?"

"ಅಲ್ಲ, ಅವಗ ಒಂದೀಟು ಏನರ ಹಾಕಿ..."

"ಇವತ್ತ ಸ್ವಾಮಾರ ಐತ್ರಿ!"

ಶಾಂತಲಿಂಗಪ್ಪ ಮತ್ತೆ ಮೆಟ್ಟಿಲಿಳಿದರು. ಹೇಳಬೇಕಾಗಿದ್ದ ಮಾತು ಬಾಯಲ್ಲೇ ಉಳಿಯಿತು. ಕಾರು ಹೋಯಿತು.

ಅಂದಿನ ನಂಬರು ನೂರಾ ತೊಂಬತ್ತು. ಉಂಡ ಮೇಲೆ ಇಂಜೆಕ್ಷನ್ ಎಂಬ ಡಾಕ್ಟರ ಮಾತು ಸುಮಿತ್ರಾಬಾಯಿಗೆ ನೆನಪಿರಲಿಲ್ಲವೇ? ಚೆನ್ನಾಗಿ ನೆನಪಿತ್ತು. ಆದರೆ ಅವರ ಲೆಕ್ಕದಲ್ಲಿ ಉಣ್ಣದಿರುವುದು ಬೇರೆ, ಉಪವಾಸ ಬೇರೆ. ಉಣ್ಣದಿರುವುದು ರೋಗ, ಉಪವಾಸ ಎಂದರೆ ದೇವರು ನೋಡಿಕೊಳ್ಳುತ್ತಾನೆ. ವ್ರತದ ಮಾತನ್ನು ಯಾರಾದರೂ ಡಾಕ್ಟರನ್ನು ಕೇಳುತ್ತಾರೆಯೇ? ಅಲ್ಲದೆ ಹಿಂದಿನ ಸೋಮವಾರಗಳಲ್ಲೂ ಹೀಗೆಯೇ ಚುಚ್ಚಿದ್ದರು, ಏನೂ ಆಗಿರಲಿಲ್ಲ. ಇವತ್ತೂ ಚುಚ್ಚಿದರು.

ಮುನೀಮ ಅಂಗಡಿಗೆ ಹೋದ, ಬರಿದಾದ ಗಾದಿ ಮೂಸಿ ಮತ್ತೆ ಮೇಲೆ ಬಂದ. ಬಟ್ಟಲ ಹತ್ತಿರ ಕೂತು ಒದರತೊಡಗಿದ. "ಯಾಕೋ ಇವತ್ತ ಹಿಂಗ? ಶ್ರಾವಣದಾಗ ನಿಷ್ಠಿ ಬಿಡಬಾರದೋ," ಎಂದು ಸುಮಿತ್ರಾಬಾಯಿ ಬೈದರು.

ಮಧ್ಯಾಹ್ನ ದೇವರ ಮನೆಯಲ್ಲಿ ಅಭಿಷೇಕಕ್ಕೆ ಹಾಲು, ಮೊಸರು, ತುಪ್ಪ, ಸಕ್ಕರೆ, ಜೇನುತುಪ್ಪ ಹೊಂದಿಸುತ್ತಿದ್ದಾಗ ಮುನೀಮ ಬಾಗಿಲಲ್ಲಿ ಕಂಡ. ಹಿಂಗಾಲು ಎಳೆಯುತ್ತಿದ್ದ. ಎರಡು ಹೆಜ್ಜೆ ಇಟ್ಟು ಮಗ್ಗುಲಾಗಿ ಬಿದ್ದ. ಮೈ ಸಣ್ಣಗೆ ನಡುಗುತ್ತಿತ್ತು. ಕಣ್ಣು ತೆರೆದಿತ್ತು, ಆದರೆ ಅವರನ್ನು ನೋಡುತ್ತಿರಲಿಲ್ಲ.

ಸುಮಿತ್ರಾಬಾಯಿ ಪೂಜೆಯ ತಟ್ಟೆಯನ್ನು ಅಲ್ಲೇ ಬಿಟ್ಟರು. ಅವನನ್ನು ಎತ್ತಿಕೊಂಡು ಕಿಟಕಿಗೆ ಓಡಿದರು. ಕಿವಿಯನ್ನು ಬೆಳಕಿಗೆ ಹಿಡಿದರೆ ದಡಿ ಕಾಣುತ್ತಿಲ್ಲ. ಅವರ ಕೈಯೇ ನಡುಗುತ್ತಿತ್ತು. ಮೊದಲ ಚುಚ್ಚು ತಪ್ಪಿತು. ಮುಂಗೈಯನ್ನು ಕಿಟಕಿಯ ಕಟ್ಟೆಗೆ ಊರಿ, ಉಸಿರು ಬಿಗಿಹಿಡಿದು ಮತ್ತೆ ಚುಚ್ಚಿದರು. ಹನಿ ಬಂತು.

ನಲವತ್ತೊಂದು.

ಇಷ್ಟು ಸಣ್ಣ ನಂಬರನ್ನು ಅವರು ಆ ಮಶೀನಿನಲ್ಲಿ ಕಂಡೇ ಇರಲಿಲ್ಲ. ಅಯ್ಯೋ, ನಾನೇ ಕೊಂದೆನಲ್ಲ ಎನಿಸಿತು. ಆಮೇಲೆ ಯೋಚಿಸಲು ನಿಲ್ಲಲಿಲ್ಲ. ಶಿವನಿಗೆಂದು ಇಟ್ಟ ಜೇನುತುಪ್ಪದ ಬೆಳ್ಳಿ ಬಟ್ಟಲನ್ನು ಎಳೆದುಕೊಂಡು, ಬೆರಳಲ್ಲಿ ತೆಗೆದು ಮುನೀಮನ ವಸಡಿಗೆ ಸವರಿದರು. ಮತ್ತೆ ಸವರಿದರು. ಇನ್ನೊಂದು ಕೈಯಿಂದ ಡಾಕ್ಟರಿಗೆ ಫೋನು ಹಚ್ಚಿದರು.

"ಜೇನ ಹಚ್ಚಾಕತ್ತೀರಲ್ಲ, ಛಲೋ ಮಾಡೀರಿ. ನುಂಗಾಕತ್ತಿದ ಕೂಡ್ಲೆ ಉಣಸ್ರಿ, ಮತ್ತ ನಂಬರ್ ನೋಡ್ರಿ. ಏರಲಿಲ್ಲ ಅಂದ್ರ ಲಗೂನ ತೊಗೊಂಡ ಬರ್ರಿ," ಎಂದಳು ಪ್ರಣಿತಾ. "ಆಜಿ, ಮುಂಜಾನಿ ಉಂಡಿದ್ನಿಲ್ಲೋ?"

ಸುಮಿತ್ರಾಬಾಯಿ ಫೋನು ಇಟ್ಟು ಇನ್ನೊಂದು ಬೆರಳು ಜೇನು ಸವರಿದರು. ಅಷ್ಟರಲ್ಲಿ ಫೋನು ರಿಂಗಣಿಸಿತು. ಅಕ್ಕಲಕೋಟದಿಂದ ಶಾಂತಲಿಂಗಪ್ಪ. ಊಟದ ಪಂಕ್ತಿಯಿಂದ ಎದ್ದು ಬಂದು ಫೋನು ಹಚ್ಚಿದ್ದರು.

"ಅವಗ ಏನರ ತಿನಸು. ನಿನಗ ಕೈ ಮುಗೀತೀನಿ. ಅವ ಎಂದೂ ಸ್ವಾಮಾರ ಹಿಡದವನಲ್ಲ!"

"ಏನಂದ್ರಿ?"

"ನಾನ ಅಂಗಡ್ಯಾಗ ಹಾಕ್ತಿದ್ದೆ. ಮೊದಲ ಹಾಲು, ಈಗ ಪಾಕೀಟಿನ್ದು. ಎದುರಿನ ಹಾಟೆಲಿಂದ ನನಗೂ ಒಂದ ಪ್ಲೇಟ ಪೋಹೆ ತರಸ್ತಿದ್ದೆ."

ಬೆಕ್ಕು ಕಣ್ಣುಮುಚ್ಚಿ ಹಾಲು ಕುಡಿದರೆ ಜಗತ್ತಿಗೆ ಗೊತ್ತಾಗುತ್ತದೆ ಎನ್ನುತ್ತಾರೆ. ಈ ಮನೆಯಲ್ಲಿ ಬೆಕ್ಕೂ ಯಜಮಾನರೂ ಜೊತೆಯಾಗಿ ಕಣ್ಣುಮುಚ್ಚಿ ತಿಂದಿದ್ದರು, ಮೇಲಿನ ಮನೆಗೆ ಗೊತ್ತಾಗಿರಲಿಲ್ಲ. ಬೇರೆ ದಿನವಾಗಿದ್ದರೆ ಸುಮಿತ್ರಾಬಾಯಿ ಫೋನಿನಲ್ಲೇ ಅವರ ಜನ್ಮ ಜಾಲಾಡುತ್ತಿದ್ದರು. ಇವತ್ತು ಫೋನನ್ನು ಕೆಳಗಿಟ್ಟರು. ಮುನೀಮನ ನಾಲಿಗೆ ಅವರ ಬೆರಳನ್ನು ಒಮ್ಮೆ ನೆಕ್ಕಿತ್ತು.

ಬಟ್ಟಲು ಬೋರಲಿದ್ದದ್ದು ನೆಟ್ಟಗಾಯಿತು. ಪಾಕೀಟಿನದನ್ನು ಅವರು ಮೊದಲ ಸಲ ಮುಖ ತಿರುಗಿಸದೆ, ದೇವರ ಮನೆಯ ಹೊಸ್ತಿಲಲ್ಲೇ ಸುರಿದರು. ಮುನೀಮ ಮಲಗಿಕೊಂಡೇ ತಿಂದ, ಆಮೇಲೆ ಎದ್ದು ತಿಂದ. ಮತ್ತೆ ನೋಡಿದಾಗ ತೊಂಬತ್ತಾರು. ಅವನು ಏನೂ ಆಗದವನಂತೆ ಮೀಸೆ ಒರೆಸಿಕೊಳ್ಳತೊಡಗಿದಾಗ ಸುಮಿತ್ರಾಬಾಯಿ ಗೋಡೆಗೆ ಒರಗಿ ಅತ್ತುಬಿಟ್ಟರು.

ಅತ್ತು ಕಣ್ಣೊರೆಸಿಕೊಳ್ಳಲು ಕೈ ಎತ್ತಿದರೆ ಕೈ ಇನ್ನೂ ನಡುಗುತ್ತಿತ್ತು. ಹಣೆಯಲ್ಲಿ ಅದೇ ಬೆವರು, ಕಣ್ಣ ಮುಂದೆ ಅದೇ ಅಲುಗಾಟ. ಪ್ರತಿ ಸೋಮವಾರ ಇದೇ ಹೊತ್ತಿಗೆ ಬರುವ ಶಿವ. ಅವರು ಕೈಯನ್ನು ನೋಡಿದರು, ಮುನೀಮನನ್ನು ನೋಡಿದರು. ಸ್ವಲ್ಪ ಹೊತ್ತಿನ ಹಿಂದೆ ಅವನೂ ಹೀಗೆಯೇ ನಡುಗುತ್ತಿದ್ದ.

ಹೊಸ ಸೂಜಿ ತೆಗೆದರು. ಬೆರಳನ್ನು ಬೆಳಕಿಗೆ ಹಿಡಿದರು, ಏನೂ ಕಾಣಲಿಲ್ಲ. ಚುಚ್ಚಿಕೊಂಡರು. ಐವತ್ತೆಂಟು.

ಬೆಳ್ಳಿ ಬಟ್ಟಲಲ್ಲಿ ಇನ್ನೂ ಜೇನು ಉಳಿದಿತ್ತು. "ಶಿವನೇ, ಇವತ್ತೊಂದಿನ ಸಂಭಾಳಿಸಿಕೋಪಾ," ಎಂದು ಹೇಳಿ, ಎಲ್ಲವನ್ನೂ ನೆಕ್ಕಿದರು.

ಸಂಜೆ ಶಾಂತಲಿಂಗಪ್ಪ ಅಕ್ಕಲಕೋಟದ ಊಟದ ಡಬ್ಬಿ ಹಿಡಿದುಕೊಂಡು ಬಾಗಿಲಲ್ಲಿ ನಿಂತರು, ಒಳಗೆ ಬರಲು ಧೈರ್ಯವಾಗದೆ. ಮುನೀಮ ಹೋಗಿ ಅವರ ಕಾಲಿಗೆ ಮೈ ಉಜ್ಜಿದ. ಸುಮಿತ್ರಾಬಾಯಿ ಬೈಯಲಿಲ್ಲ. ಮಶೀನನ್ನು ಅವರ ಮುಂದಿಟ್ಟು, ಬೆಕ್ಕಿನದೂ ತಮ್ಮದೂ ಎರಡೂ ನಂಬರು ಹೇಳಿದರು.

"ಸ್ವಾಮಾರ ನನ್ನ ಕೈ ನಡಗೂದು ನೀವು ನೋಡಿದ್ರೇನು?"

"ನೋಡೀನಿ," ಎಂದರು ಶಾಂತಲಿಂಗಪ್ಪ. "ಪ್ರತಿ ಸ್ವಾಮಾರ ನೋಡೀನಿ."

"ಬೆಕ್ಕಿಗಿ ಕದ್ದು ತಿನಿಸಿದ್ರಿ. ನನಗ್ಯಾಕ ತಿನಿಸಲಿಲ್ಲ?"

ಶಾಂತಲಿಂಗಪ್ಪ ಡಬ್ಬಿಯನ್ನು ಕೆಳಗಿಟ್ಟರು. "ಅವ ಬಾಯಿ ತಗೀತಿದ್ದ," ಎಂದರು. "ನೀ ಎಲ್ಲಿ ತಗೀತಿದ್ದಿ?"

ಡಬ್ಬಿ ಬಿಚ್ಚಿದರು. ರೊಟ್ಟಿ ಮುರಿದು, ಪಲ್ಯಕ್ಕೆ ಅದ್ದಿ, ತುತ್ತನ್ನು ಹೆಂಡತಿಯ ಮುಂದೆ ಹಿಡಿದರು. ಪೂಜೆ ಇನ್ನೂ ಮುಗಿದಿರಲಿಲ್ಲ, ದೀಪವೂ ಹಚ್ಚಿರಲಿಲ್ಲ. ಸುಮಿತ್ರಾಬಾಯಿ ಬಾಯಿ ತೆರೆದರು.