ನಾನು ಹೊರದ ಕೊಡ

ನಮ್ಮಲ್ಲಿ ತಂದೆ ಸತ್ತರೆ ಹಿರಿಯ ಮಗ, ತಾಯಿ ಸತ್ತರೆ ಕಿರಿಯ ಮಗ ನೀರಿನ ಕೊಡ ಹೊತ್ತು ಹೆಣಕ್ಕೆ ಮೂರು ಸುತ್ತು ಬರಬೇಕು. ಒಂದೊಂದು ಸುತ್ತಿಗೂ ಹಿಂದಿನಿಂದ ಯಾರಾದರೂ ಕೊಡಕ್ಕೆ ಒಂದು ತೂತು ಹೊಡೆಯುತ್ತಾರೆ. ಅಮ್ಮನಿಗೆ ತಮ್ಮ ಹೊತ್ತಿದ್ದ. ಅಪ್ಪನಿಗೆ ನಾನು ಹೊತ್ತೆ. ಎಡಭುಜದ ಮೇಲಿನ ಭಾರ, ಮೂರನೇ ತೂತಿನ ನೀರು ಬೆನ್ನಿಗಿಳಿದು ಪಂಚೆ ಒದ್ದೆಯಾದದ್ದು, ಎಲ್ಲ ಮೈಗೆ ನೆನಪಿದೆ.

ಅಪ್ಪನ ವರ್ಷದ ತಿಥಿಯ ದಿನ ತುಡಿಯಲೂರಿನ ತಮ್ಮನ ಮನೆಯಲ್ಲಿ ಊಟ ಮುಗಿದ ಮೇಲೆ ಇದನ್ನೇ ಹೇಳುತ್ತಿದ್ದೆ. ಎಲೆ ಎತ್ತುತ್ತಿದ್ದ ತಮ್ಮ ಬಗ್ಗಿದ್ದಂತೆಯೇ ನಿಂತ.

“ಅಣ್ಣ, ಕೊಡ ಹೊತ್ತಿದ್ದು ನಾನು. ನೀ ಅಂಗಿ ಕೂಡ ಬಿಚ್ಚಲಿಲ್ಲ. ಗೇಟ್ ಹತ್ರ ವ್ಯಾನ್ ಡ್ರೈವರ್ ಜೊತೆ ಏನೋ ಮಾತು ಪೇಸಿಕೊಂಡು ನಿಂತಿದ್ದೆ.”

ನಾನು ನಕ್ಕೆ. ಸ್ಮಶಾನಕ್ಕೆ ಹೆಂಗಸರು ಬರುವುದಿಲ್ಲ, ಆದರೂ ಸಾಕ್ಷಿಗೆಂದು ಹೆಂಡತಿಯ ಕಡೆ ನೋಡಿದೆ. ಆ ವಾರ ನನ್ನ ತಲೆಯಲ್ಲಿ ಕೂದಲಿತ್ತು, ಬೋಳಿಸಿಕೊಂಡವನು ತಮ್ಮ ಒಬ್ಬನೇ ಎಂದು ಅವಳು ಮೆಲ್ಲಗೆ ನೆನಪಿಸಿದಳು. ಕಾಲೇಜಿನಲ್ಲಿ ಪುರಾವೆಯ ಬಗ್ಗೆ ಪಾಠ ಮಾಡುವವನು ನಾನು. ಒಪ್ಪಲೇಬೇಕಾಯಿತು.

ಒಪ್ಪಿದ ಮೇಲೆ ಇನ್ನೊಂದು ನೆನಪೂ ಅಲುಗಾಡಿತು. ಕೊಡ ಹೊತ್ತೆ ಎಂಬುದೂ ಹೊರುವುದಿಲ್ಲ ಎಂದದ್ದೂ ಇಷ್ಟು ದಿನ ಒಂದಕ್ಕೊಂದು ತಗಲದೆ ನನ್ನೊಳಗೆ ಜೊತೆಗೇ ಇದ್ದವು. ಅವತ್ತು ಕೊಡ ಹೊರು ಎಂದು ಅಪ್ಪನ ತಂಗಿ, ನಮ್ಮ ಅತ್ತೆ, ಅಂಗಲಾಚಿದ್ದರು. ನಂಬಿಕೆಯಿಲ್ಲದ್ದನ್ನು ನನಗಾಗಿ ಮಾಡಬೇಡ ಎಂದು ಅಪ್ಪನೇ ಹೇಳಿದ್ದಾರೆ ಎಂದು ಅವರ ಬಾಯಿ ಮುಚ್ಚಿಸಿದ್ದೆ. ಅಣ್ಣ ನನಗೆ ಒಂದು ಮಾತೂ ಹೇಳಲಿಲ್ಲವಲ್ಲ ಎಂದು ಅವರು ಅತ್ತಿದ್ದರು. ಅಪ್ಪ ಅದನ್ನು ಹೇಳಿದ್ದು ವಾಲ್ಪಾರೈಯಿಂದ ಇಳಿಯುವ ಬಸ್ಸಿನಲ್ಲಿ ಎಂಬುದು ನನ್ನ ನೆನಪು. ಆದರೆ ಘಾಟಿಯ ತಿರುವುಗಳಲ್ಲಿ ಅಪ್ಪನಿಗೆ ವಾಂತಿ. ಕಣ್ಣು ಮುಚ್ಚಿ, ಮೂಗಿಗೆ ನಿಂಬೆಹಣ್ಣು ಹಿಡಿದು, ಕೆಳಗಿಳಿಯುವ ತನಕ ಬಾಯಿ ಬಿಡುತ್ತಿರಲಿಲ್ಲ. ಹಾಗಾದರೆ ಎಲ್ಲಿ ಹೇಳಿದರು? ಯಾವಾಗ? ನನಗೆ ಬೇಕಾಗಿದ್ದ ಮಾತನ್ನು ನಾನೇ ಅವರ ಬಾಯಿಗೆ ಹಾಕಿದೆನೇ? ಇದ್ದ ಒಬ್ಬ ಸಾಕ್ಷಿಯನ್ನು ಸುಟ್ಟು ವರ್ಷವಾಗಿತ್ತು. ಅಪ್ಪ ಅನುಮತಿ ಕೊಟ್ಟ ಮಗ ಎಂದೇ ಆ ವರ್ಷವೆಲ್ಲ ನಾನು ನನ್ನನ್ನು ತಿಳಿದುಕೊಂಡಿದ್ದೆ. ಅದು ಇಲ್ಲದಿದ್ದರೆ ಗೇಟಿನ ಹತ್ತಿರ ನಿಂತಿದ್ದವನು ಯಾರು?

ಹಿತ್ತಲ ನಲ್ಲಿಯಲ್ಲಿ ತಮ್ಮ ಕೈ ತೊಳೆಯುತ್ತಿದ್ದ. ಲೇತ್ ಪಟ್ಟರೆ, ಅಂದರೆ ವರ್ಕ್‌ಶಾಪ್, ನಡೆಸುವವನ ಕೈ, ಎಷ್ಟು ಉಜ್ಜಿದರೂ ಎಣ್ಣೆಯ ಕಪ್ಪು ಉಗುರಿನಲ್ಲೇ ಉಳಿಯುತ್ತದೆ. ಅಪ್ಪ ಹಾಗೆ ಹೇಳಿದ್ದರೋ ಇಲ್ಲವೋ ನನಗೀಗ ಗೊತ್ತಾಗುತ್ತಿಲ್ಲ ಎಂದೆ. ನಿನಗಾದರೂ ನಂಬಿಕೆಯಿತ್ತು, ಮಾಡಿದೆ ಎಂದೂ ಸೇರಿಸಿದೆ.

“ನಂಬಿಕೆಯಾ? ಅಮ್ಮನಿಗೆ ಕೊಡ ಹೊತ್ತಾಗಲೇ ನಂಗೂ ಅದು ಹೋಗಿತ್ತು. ನೀ ಮುಂಚೆ ಬೇಡ ಅಂದ್ಬಿಟ್ಟೆ, ದೊಡ್ಡವನು. ಇಬ್ರೂ ಬೇಡ ಅಂದ್ರೆ ಅಪ್ಪನ್ನ ಯಾರು ಕಳಿಸ್ತಾರೆ?”

ಕೋಪದಲ್ಲಿ ಹೇಳಿದ್ದರೆ ಜಗಳವಾಡಬಹುದಿತ್ತು. ಅವನು ಟವೆಲಿಗೆ ಕೈ ಒರೆಸಿ, ಕಾಫಿ ಕುಡೀತೀಯಾ ಎಂದು ಕೇಳಿ ಒಳಗೆ ಹೋದ.

ಅತ್ತೆ ಹಾಲ್‌ನಲ್ಲಿ ಎಲೆಅಡಿಕೆ ಹಾಕಿಕೊಳ್ಳುತ್ತಿದ್ದರು. ಅವರ ಪಕ್ಕ ಕೂತು, ಅಡುಗೆಮನೆಯಲ್ಲಿದ್ದ ತಮ್ಮನಿಗೂ ಕೇಳುವಂತೆ, ಅಪ್ಪ ನನಗೆ ಹಾಗೇನೂ ಹೇಳಿರಲಿಲ್ಲ, ಸುಳ್ಳು ಹೇಳಿದ್ದೆ ಎಂದೆ. ಅತ್ತೆ ಬಹಳ ಹೊತ್ತು ನನ್ನ ಕೈ ಹಿಡಿದುಕೊಂಡಿದ್ದರು. ಸುಳ್ಳು ಹೇಳಿದ್ದೆ ಎಂದದ್ದೂ ನಿಜವೋ ಅಲ್ಲವೋ, ನನಗೆ ಗೊತ್ತಿಲ್ಲ.