ಎರಡು ಪಟ್ಟಿಯಲ್ಲೂ ಇಲ್ಲದವರು

ನಾನು ಕೆ.ಆರ್. ಪೇಟೆಯ ಒಂದು ಕಾಲೇಜಿನಲ್ಲಿ ಗಣಿತ ಪಾಠ ಮಾಡುತ್ತೇನೆ. ಮನೆ ಪಾಂಡವಪುರದಲ್ಲಿ. ದಿನವೂ ಚಿನಕುರಳಿ ಮೇಲೆ ಹೋಗುವ ಬಸ್ಸಿನಲ್ಲಿ ಓಡಾಟ. ಆ ಬಸ್ಸಿನಲ್ಲಿ ಕೆಲವು ವರ್ಷಗಳ ಹಿಂದೆ ನನ್ನ ಪಕ್ಕ ಒಬ್ಬ ಹುಡುಗಿ ಕೂರುತ್ತಿದ್ದಳು. ಮೀನುಗಾರಿಕೆಯಲ್ಲಿ ಸಂಶೋಧನೆ ಮಾಡುತ್ತಿದ್ದಳು. ನಾನು ಗಣಿತದವಳು ಎಂದು ಗೊತ್ತಾದ ಮೇಲೆ ಒಂದು ದಿನ ಬ್ಯಾಗಿನಿಂದ ನೋಟ್‌ಪುಸ್ತಕ ತೆಗೆದು, ಕೆರೆಯಲ್ಲಿರುವ ಮೀನುಗಳನ್ನು ಎಣಿಸುವ ಸೂತ್ರ ತನಗೆ ಸರಿಯಾಗಿ ತಲೆಗೆ ಹೋಗಿಲ್ಲ, ಸ್ವಲ್ಪ ಹೇಳಿಕೊಡಿ ಎಂದಳು.

ಸೂತ್ರ ಬಹಳ ಸುಲಭದ್ದು. ಕೆರೆಯಲ್ಲಿ ನೂರು ಮೀನು ಹಿಡಿದು, ಬಾಲದ ತುದಿಯನ್ನು ಚೂರೇ ಚೂರು ಕತ್ತರಿಸಿ, ಮತ್ತೆ ನೀರಿಗೆ ಬಿಡಬೇಕು. ಕೆಲವು ದಿನ ಕಳೆದು ಮತ್ತೆ ನೂರು ಹಿಡಿಯಬೇಕು. ಅವುಗಳಲ್ಲಿ ಹತ್ತಕ್ಕೆ ಗುರುತಿದ್ದರೆ, ಹತ್ತು ಮೀನಿಗೊಂದು ನಾವು ಮೊದಲೇ ಹಿಡಿದದ್ದು ಎಂದಾಯಿತು. ಇಡೀ ಕೆರೆಗೂ ಅದೇ ಲೆಕ್ಕ ಹಿಡಿದರೆ ಅಲ್ಲಿರುವ ಮೀನು ಸುಮಾರು ಸಾವಿರ. ಇಷ್ಟನ್ನು ಬಸ್ಸು ಬೂಕನಕೆರೆ ದಾಟುವುದರೊಳಗೆ ಹೇಳಿ ಮುಗಿಸಿದೆ. ಆಮೇಲೆ ನನಗೇ ಅದನ್ನು ಕಣ್ಣಾರೆ ನೋಡಬೇಕೆನಿಸಿತು. ಇಪ್ಪತ್ತು ವರ್ಷ ಸಂಶೋಧನೆ ಎಂದು ನಾನು ಮಾಡಿದ್ದೆಲ್ಲ ಮೇಜಿನ ಮೇಲೆ, ಹಾಳೆಯ ಮೇಲೆ.

ಅವಳು ಕೆಲಸ ಮಾಡುತ್ತಿದ್ದ ಕೆರೆಯಲ್ಲಿ ಬಲೆ ಹಾಕುತ್ತಿದ್ದವರಲ್ಲಿ ಎಲ್ಲರಿಗಿಂತ ಹಿರಿಯರು ಅರವತ್ತು ದಾಟಿದ ಒಬ್ಬರು. ತೆಪ್ಪದಲ್ಲಿ ನನ್ನನ್ನು ಕೂರಿಸಿಕೊಂಡು ಹೋಗಲು ಮೊದಲು ಒಪ್ಪಲಿಲ್ಲ. ಸೀರೆ ಉಟ್ಟುಕೊಂಡು ಬರಬೇಡಿ, ಮಗುಚಿಕೊಂಡರೆ ಕಾಲಿಗೆ ಸುತ್ತಿಕೊಳ್ಳುತ್ತದೆ ಎಂದರು. ಮಾರನೆಯ ವಾರ ಚೂಡಿದಾರ ಹಾಕಿಕೊಂಡು ಹೋದೆ. ಮೀನು ಹಿಡಿದು, ಕತ್ತರಿಯಲ್ಲಿ ಬಾಲದ ತುದಿ ಕತ್ತರಿಸಿ, ಒಂದೊಂದನ್ನೇ ನೀರಿಗೆ ಬಿಟ್ಟೆವು. ಕೈಗೆ ಸಿಕ್ಕ ಮೀನನ್ನು ಮತ್ತೆ ನೀರಿಗೆ ಬಿಡುವುದು ಆ ಹಿರಿಯರಿಗೆ ಸ್ವಲ್ಪವೂ ಹಿಡಿಸಲಿಲ್ಲ. ಆದರೂ ಮಾಡಿದರು.

ಎರಡು ವಾರ ಬಿಟ್ಟು ಮತ್ತೆ ಬಲೆ ಹಾಕಿದಾಗ ಗುರುತಿನ ಮೀನು ಬೆರಳೆಣಿಕೆಯಷ್ಟೇ ಸಿಕ್ಕವು. ಸೂತ್ರಕ್ಕೆ ಹಾಕಿದರೆ ಕೆರೆಯಲ್ಲಿ ಊಹಿಸಿದ್ದಕ್ಕಿಂತ ಎಷ್ಟೋ ಹೆಚ್ಚು ಮೀನಿದೆ ಎಂದು ಬಂತು. ಆ ಹುಡುಗಿಗೆ ಸಂತೋಷವಾಯಿತು. ನಾನೂ ಹಿಗ್ಗಿದೆ. ದಡದಲ್ಲಿ ಬಲೆ ಕೊಡವುತ್ತಿದ್ದ ಹಿರಿಯರಿಗೆ ಈ ಸಂಖ್ಯೆ ಹೇಳಿದಾಗ ಅವರು ತಲೆ ಎತ್ತಲಿಲ್ಲ.

"ಅಷ್ಟಿದ್ರೆ ನಾವ್ಯಾಕೆ ಇಂಗಿರ್ತಿದ್ದೊ ಮೇಡಮ್ಮೋರೆ" ಎಂದರು. ಆಮೇಲೆ, "ಒಂದ್ಸಲ ಬಲೆಗ್ ಬಿದ್ದು ಬದುಕ್ಕಂಡ್ ಹೋಗಿರೋ ಗೆಂಡೆ ಮೀನು ಇನ್ನೊಂದ್ಸಲ ಬಲೆ ತಾವ್ ಬರಾಕಿಲ್ಲ. ಅದುಕ್ಕೂ ಗ್ಯಾನ ಇರ್ತದೆ" ಎಂದರು.

ಪುಸ್ತಕಗಳಲ್ಲೂ ಈ ಮಾತಿದೆ. ಎಲ್ಲ ಮೀನೂ ಬಲೆಗೆ ಬೀಳುವ ಸಾಧ್ಯತೆ ಒಂದೇ ಸಮನಾಗಿರಬೇಕು, ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ ಎಂದು ನಾನೇ ಎಷ್ಟೋ ವರ್ಷ ಬೋರ್ಡಿನ ಮೇಲೆ ಬರೆದು ಪಾಠ ಮಾಡಿದ್ದೆ. ಅದರ ಅರ್ಥ ಗೆಂಡೆ ಮೀನು ಹೆದರುತ್ತದೆ ಎಂದು ಮಾತ್ರ ನನಗೆ ಹೊಳೆದಿರಲಿಲ್ಲ. ಮುಂದಿನ ಸಲ ಬೇರೆ ಬಗೆಯ ಬಲೆ, ಬೇರೆ ಜಾಗ ಮಾಡಿದೆವು. ಸಂಖ್ಯೆ ಇಳಿಯಿತು. ಹುಡುಗಿ ಅದನ್ನೇ ತನ್ನ ಪ್ರಬಂಧಕ್ಕೆ ಹಾಕಿಕೊಂಡಳು.

ಆ ವರ್ಷವೇ ಶ್ರೀರಂಗಪಟ್ಟಣದಲ್ಲಿ ಒಂದು ವಿಚಾರ ಸಂಕಿರಣ ಇತ್ತು. ಗಣಿತ, ವೈದ್ಯಕೀಯ, ಮೀನುಗಾರಿಕೆ ಮೂರನ್ನೂ ಒಂದೇ ಬ್ಯಾನರಿನಲ್ಲಿ ಬರೆಸಿದ್ದರು. ಬೇರೆ ಬೇರೆ ನಡೆಸಿದರೆ ಜನ ಸೇರುವುದಿಲ್ಲ ಎಂದಿರಬೇಕು. ಒಟ್ಟಿಗೆ ನಡೆಸಿದರೂ ಹೆಚ್ಚು ಜನ ಸೇರಲಿಲ್ಲ. ನಾನು ನಮ್ಮ ಕೆರೆಯ ಕಥೆಯನ್ನು, ಲೆಕ್ಕ ತಪ್ಪಿದ್ದೂ ಸೇರಿಸಿ, ಹೇಳಿದೆ. ಊಟದ ಸಾಲಿನಲ್ಲಿ ನಿಂತಿದ್ದಾಗ ಹಿಂದೆ ನಿಂತವರೊಬ್ಬರು ಮಾತಾಡಿಸಿದರು. ನಾಗಮಂಗಲ ಕಡೆಯ ಒಂದು ಆಸ್ಪತ್ರೆಯಲ್ಲಿ ವೈದ್ಯರು. ನನ್ನೂರೂ ಆ ಕಡೆಯೇ ಎಂದೆ. ತಟ್ಟೆ ಹಿಡಿದುಕೊಂಡೇ ಅವರು ತಮ್ಮ ಸಮಸ್ಯೆ ಹೇಳಿದರು.

ಅವರ ಆಸ್ಪತ್ರೆಗೆ ಮೂರ್ಛೆರೋಗದ ಮಾತ್ರೆಗೆ ಬರುವವರ ಒಂದು ಪಟ್ಟಿ ಇತ್ತು. ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ಬರೆದುಕೊಂಡ ಇನ್ನೊಂದು ಪಟ್ಟಿ ಇತ್ತು. ಈ ಎರಡರಲ್ಲೂ ಇಲ್ಲದವರು, ಮಾತ್ರೆಯೇ ಇಲ್ಲದೆ ಇರುವವರು ಎಷ್ಟು ಮಂದಿ ಎಂದು ಅವರಿಗೆ ತಿಳಿಯಬೇಕಿತ್ತು. ಅಂಥವರು ಅವರ ಕೈಗೆ ಸಿಗುತ್ತಿದ್ದುದು ಒಲೆಗೆ ಬಿದ್ದು ಸುಟ್ಟುಕೊಂಡ ಮೇಲೆ, ಇಲ್ಲವೆ ನಾಲೆಗೆ ಬಿದ್ದ ಮೇಲೆ. ನಿಮ್ಮ ಮೀನಿನ ಲೆಕ್ಕ ಇದಕ್ಕೂ ಆಗುತ್ತದೆಯೇ ಎಂದು ಕೇಳಿದರು. ಆಗುತ್ತದೆ ಎಂದೆ. ಮೊದಲ ಪಟ್ಟಿ ಮೊದಲನೆಯ ಬಲೆ, ಎರಡನೆಯದು ಎರಡನೆಯ ಬಲೆ. ಎರಡರಲ್ಲೂ ಇರುವ ಹೆಸರುಗಳು ಗುರುತಿನ ಮೀನು.

ಹೇಳಿದಷ್ಟು ಸುಲಭವಾಗಿರಲಿಲ್ಲ. ಮೀನಿಗೆ ಬಾಲ ನೋಡಿದರೆ ಸಾಕು. ಜನಕ್ಕೆ ಹೆಸರು ನೋಡಬೇಕು. ಒಂದೇ ಊರಿನಲ್ಲಿ ಒಂದೇ ಹೆಸರಿನ ಮೂವರು ಹೆಂಗಸರು. ಒಂದು ಪಟ್ಟಿಯಲ್ಲಿ ತಂದೆಯ ಹೆಸರು, ಇನ್ನೊಂದರಲ್ಲಿ ಗಂಡನ ಹೆಸರು. ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ ವೈದ್ಯರ ಜೊತೆ ಕೂತು ನಾಲ್ಕೈದು ಭಾನುವಾರ ಹೆಸರು ಹೊಂದಿಸಿದೆ. ಕೊನೆಗೂ ಕೆಲವು ಹೆಸರು ಇವರೋ ಅವರೋ ಎಂದು ಗೊತ್ತಾಗದೆ ಉಳಿದವು. ಅವರ ಮನೆಗಳಿಗೆ ಹೋಗಿ ಕೇಳಿಬರುತ್ತೇನೆ ಎಂದೆ. ವೈದ್ಯರು ಹಿಂದೆಮುಂದೆ ನೋಡಿದರು. ಲೆಕ್ಕ ಎಂದಮೇಲೆ ಪಕ್ಕಾ ಇರಬೇಕು ಎಂದು ಹಟ ಹಿಡಿದವಳು ನಾನೇ. ಆಶಾ ಕಾರ್ಯಕರ್ತೆ ಜೊತೆಯಲ್ಲಿರಬೇಕು, ಯಾರ ಮುಂದೆಯೂ ಕಾಯಿಲೆಯ ಹೆಸರು ಎತ್ತಬಾರದು ಎಂದು ಹೇಳಿ ಒಪ್ಪಿಕೊಂಡರು.

ಮೂರನೆಯ ಮನೆ ನಾಗಮಂಗಲದಿಂದ ಮೇಲುಕೋಟೆಗೆ ಹೋಗುವ ರಸ್ತೆಯಿಂದ ಒಳಗಿದ್ದ ಒಂದು ಊರಿನಲ್ಲಿ. ಪಟ್ಟಿಯಲ್ಲಿದ್ದ ಹೆಣ್ಣುಮಗಳ ಅತ್ತೆ ಜಗಲಿಯ ಮೇಲೆ ಕೂತು ಹುರುಳಿ ಕೇರುತ್ತಿದ್ದರು. ನಾವು ಬಂದದ್ದು ಯಾಕೆ ಎಂದು ಕೇಳಿದರು. ಆಶಾ ಕಾರ್ಯಕರ್ತೆ ಬಾಯಿ ತೆರೆಯುವುದರೊಳಗೆ ನಾನು ಕೈಯಲ್ಲಿದ್ದ ಹಾಳೆ ನೋಡಿಕೊಂಡು, ನಿಮ್ಮ ಸೊಸೆಯ ಹೆಸರು ಆಸ್ಪತ್ರೆಯ ಪಟ್ಟಿಯಲ್ಲಿದೆ, ಅದು ಇವರೇ ಹೌದೋ ಎಂದು ಕೇಳಲು ಬಂದೆವು ಎಂದುಬಿಟ್ಟೆ. ಕಾಯಿಲೆಯ ಹೆಸರು ಎತ್ತಲಿಲ್ಲ, ನಿಜ. ಆದರೆ ಇಷ್ಟೂ ಹೇಳಬಾರದಿತ್ತು.

ಅವರ ಕೈಯಲ್ಲಿದ್ದ ಮೊರ ನಿಂತಿತು. "ಯಾವಾಸ್ಪತ್ರೆ? ನಮ್ಮುಡ್ಗೀಗೇನಾಗದೆ?"

ಕೊಟ್ಟಿಗೆಯಿಂದ ಹಾಲಿನ ಕ್ಯಾನು ಹಿಡಿದುಕೊಂಡು ಸೊಸೆ ಬಂದಳು. ಇಪ್ಪತ್ತನಾಲ್ಕು, ಇಪ್ಪತ್ತೈದು ಇರಬಹುದು. ಮಾತು ಅವಳ ಕಿವಿಗೆ ಬಿದ್ದಿತ್ತು. ಕ್ಯಾನು ಕೆಳಗಿಟ್ಟು, ಸೆರಗಿನಲ್ಲಿ ಕೈ ಒರೆಸಿಕೊಂಡು, "ಥೈರಾಯ್ಡ್ ಚೀಟಿ ಅತ್ತೆ. ಊರ್ಗೋಗಿದ್ನಲ್ಲ, ಆಗ ತೋರಿಸ್ಕಂಡಿದ್ದೆ" ಎಂದಳು. ಹೇಳುತ್ತಾ ನನ್ನ ಮುಖವನ್ನೇ ನೋಡುತ್ತಿದ್ದಳು.

"ಹೂಂ ಕಣಮ್ಮ, ಥೈರಾಯ್ಡೇ" ಎಂದೆ ನಾನು. "ಪಟ್ಟಿ ಸರಿ ಮಾಡ್ತಾ ಇದೀವಿ, ಅಷ್ಟೇ."

ಅತ್ತೆಯ ಮುಖ ಸಡಿಲವಾಯಿತು. ತಮ್ಮ ಗಂಟಲೂ ಆಗಾಗ ಊದಿಕೊಳ್ಳುತ್ತದೆ, ನೋಡಿ ಎಂದು ಕತ್ತು ಎತ್ತಿ ತೋರಿಸಿದರು. ಮಜ್ಜಿಗೆ ಕೊಟ್ಟರು. ಬೇಗ ಬೇಗ ಕುಡಿದು ಎದ್ದೆವು.

ನಾವು ರಸ್ತೆಗೆ ಬಂದ ಮೇಲೆ ಆ ಹೆಣ್ಣುಮಗಳು ಡೈರಿಗೆ ಹಾಲು ಹಾಕಲು ಹೊರಟವಳಂತೆ ಹಿಂದೆಯೇ ಬಂದಳು. ನಿಲ್ಲಲಿಲ್ಲ. ನಡೆಯುತ್ತಲೇ ಹೇಳಿದಳು: "ಮದ್ವೆಗ್ ಮುಂಚಿಂದ್ಲೂ ಅದೆ. ಮಾತ್ರೆ ನುಂಗ್ತಾ ಇದೀನಲ್ಲ, ಬಂದಿಲ್ಲ. ನಮ್ಮನೇವ್ರಿಗೆ ಗೊತ್ತು, ಅತ್ತೆಗ್ ಗೊತ್ತಿಲ್ಲ. ಇನ್ನೊಂದ್ಸಲ ನಮ್ಮನೆ ತಕೆ ಬರ್ಬೇಡಿ ಮೇಡಂ."

ಬರುವುದಿಲ್ಲ, ತಪ್ಪಾಯಿತು ಎಂದೆ. ಅವಳು ಹಾಲಿಗೆ ಹೊತ್ತಾಯಿತು ಎಂದು ಮುಂದೆ ಹೋದಳು.

ಬಸ್‌ ಸ್ಟಾಪಿನಲ್ಲಿ ಕೂತು ನಾನು ಆಶಾ ಕಾರ್ಯಕರ್ತೆಯನ್ನು ಕೇಳಿದೆ. ಅವಳ ಪಟ್ಟಿಯಲ್ಲಿ ಈ ಸೊಸೆಯ ಹೆಸರಿನವರು ಒಬ್ಬರಿದ್ದರು. ಆದರೆ ಅವರು ಬೇರೆ ಬೀದಿಯ ವಯಸ್ಸಾದ ಹೆಂಗಸು. ಈ ಮನೆ ಅವಳ ಪಟ್ಟಿಯಲ್ಲೇ ಇರಲಿಲ್ಲ. ಮನೆಮನೆಗೂ ಹೋಗಿದ್ದವಳಿಗೆ ಇದು ಹೇಗೆ ತಪ್ಪಿಹೋಯಿತು?

"ತಪ್ಪೋಗಿಲ್ಲ ಮೇಡಂ. ನಂಗ್ ಗೊತ್ತಿತ್ತು. ಬರ್ದಿರ್ನಿಲ್ಲ ಅಷ್ಟೆ."

ಹೀಗೆ ಗೊತ್ತಿದ್ದೂ ಬರೆಯದವರು ಇನ್ನೆಷ್ಟು ಮಂದಿ ಇದ್ದಾರೆ ಎಂದು ಕೇಳಿದೆ.

"ಅದ ಯೋಳ್ಬುಟ್ರೆ ಬರ್ದಂಗೇ ಅಲ್ವಾ" ಎಂದಳು.

ಆಸ್ಪತ್ರೆಗೆ ಹೋಗಿ ವೈದ್ಯರಿಗೆ ನಡೆದದ್ದನ್ನು ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಉಳಿದ ಹೆಸರುಗಳಿದ್ದ ಹಾಳೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಮಡಿಸಿ ಡ್ರಾಯರಿಗೆ ಹಾಕಿದರು. ಮನೆಗಳಿಗೆ ಹೋಗುವುದು ಅಲ್ಲಿಗೆ ನಿಂತಿತು.

ಇದ್ದಷ್ಟನ್ನೇ ಇಟ್ಟುಕೊಂಡು ಲೆಕ್ಕ ಹಾಕಿದೆ. ಎರಡೂ ಪಟ್ಟಿಯಲ್ಲಿ ಇದ್ದವರು ಬಹಳ ಕಡಿಮೆ. ಹಾಗಾಗಿ ಎರಡರಲ್ಲೂ ಇಲ್ಲದವರು ತೀರಾ ಹೆಚ್ಚು ಎಂದು ಬಂತು. ಕೆರೆಯ ದಡದಲ್ಲಿ ಹಿಗ್ಗಿದ ಹಾಗೆ ಈ ಸಲ ಹಿಗ್ಗಲಿಲ್ಲ. ಒಂದು ಕಡೆ ಬಾಯಿ ಬಿಟ್ಟವರು ಇನ್ನೊಂದು ಕಡೆ ಮರೆಯಾಗುತ್ತಾರೆ, ಅವರನ್ನು ಮರೆ ಮಾಡುವವರೂ ಇದ್ದಾರೆ ಎಂಬುದನ್ನು ನಾನೇ ನೋಡಿ ಬಂದಿದ್ದೆ. ಈ ಸಂಖ್ಯೆಯನ್ನು ಹೀಗೆಯೇ ನಂಬಬಾರದು, ಯಾಕೆಂದರೆ ಇಂತಿಂಥದ್ದು ಎಂದು ಪ್ರಬಂಧದಲ್ಲಿ ಬರೆದೆವು. ಒಂದು ಪತ್ರಿಕೆಯವರು, ಹಾಗಾದರೆ ಮನೆಮನೆಗೆ ಹೋಗಿ ಖಚಿತಪಡಿಸಿಕೊಂಡು ಬನ್ನಿ ಎಂದು ವಾಪಸು ಕಳಿಸಿದರು. ವೈದ್ಯರೂ ನಾನೂ ಆಗುವುದಿಲ್ಲ ಎಂದೆವು. ಅವರು ಪ್ರಕಟಿಸಲಿಲ್ಲ. ಅದಕ್ಕಿಂತ ಸಣ್ಣ ಪತ್ರಿಕೆಯೊಂದು ಪ್ರಕಟಿಸಿತು.

ವೈದ್ಯರು ಮಾಡಿದ ಕೆಲಸ ಪ್ರಬಂಧಕ್ಕಿಂತ ದೊಡ್ಡದು. ಅಲ್ಲಿಯವರೆಗೆ ತಿಂಗಳಿಗೊಂದು ದಿನ, ಬಾಗಿಲಿಗೆ ಮೂರ್ಛೆರೋಗ ಎಂದು ಬೋರ್ಡು ಹಾಕಿ, ಆ ಮಾತ್ರೆ ಕೊಡುತ್ತಿದ್ದರು. ಬೋರ್ಡು ತೆಗೆಸಿದರು. ಬಿ.ಪಿ., ಶುಗರ್ ನೋಡುವ ದಿನವೇ, ಅದೇ ಸಾಲಿನಲ್ಲಿ, ಅದೇ ಕಂದು ಕವರಿನಲ್ಲಿ ಈ ಮಾತ್ರೆಯನ್ನೂ ಕೊಡತೊಡಗಿದರು. ಕೆಲವು ತಿಂಗಳಲ್ಲಿ ಹೊಸಬರು ಬರಲು ಶುರುಮಾಡಿದರು ಎಂದು ಫೋನಿನಲ್ಲಿ ಹೇಳಿದರು. ಎಷ್ಟು ಮಂದಿ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ.

ಆಮೇಲೊಂದು ಭಾನುವಾರ ಊರಿಗೆ ಹೋಗಿದ್ದೆ. ಅಣ್ಣನ ಮಕ್ಕಳು ಹೊರಗೆ ಕ್ರಿಕೆಟ್ ಆಡುತ್ತಿದ್ದರು. ಅವ್ವ ಅವರೆಕಾಯಿ ಬಿಡಿಸುತ್ತಾ ಕೂತಿದ್ದಳು. ನಾನೂ ಕೂತು ಬಿಡಿಸುತ್ತಾ ಈ ಕಥೆಯನ್ನೆಲ್ಲ ಅವಳಿಗೆ ಹೇಳಿದೆ. ಹೇಳುತ್ತಾ ಹೋದಂತೆ ನನ್ನ ಸೋದರತ್ತೆಯ ನೆನಪಾಯಿತು. ಅಪ್ಪನ ತಂಗಿ. ನಾನು ಚಿಕ್ಕವಳಿದ್ದಾಗ ಅವಳನ್ನು ಒಲೆಯ ಮುಂದೆ ಒಬ್ಬಳನ್ನೇ ಬಿಡುತ್ತಿರಲಿಲ್ಲ. ಬಾವಿಗೆ ಒಬ್ಬಳನ್ನೇ ಕಳಿಸುತ್ತಿರಲಿಲ್ಲ. ಅತ್ತೆಯ ಜೊತೆಗಿರು ಎಂದು ನನ್ನನ್ನು ಕಳಿಸುತ್ತಿದ್ದರು. ಅವಳು ನನ್ನನ್ನು ನೋಡಿಕೊಳ್ಳಲಿ ಎಂದು ಕಳಿಸುತ್ತಾರೆ ಎಂದುಕೊಂಡಿದ್ದೆ.

ಅತ್ತೆಗೆ ಫಿಟ್ಸ್ ಇತ್ತಾ ಎಂದು ಅವ್ವನನ್ನು ಕೇಳಿದೆ. ಅಂಥದ್ದೇನೂ ಇರಲಿಲ್ಲ ಎಂದಳು. ಸ್ವಲ್ಪ ಹೊತ್ತು ಕಾಯಿ ಬಿಡಿಸಿದಳು. ಆಮೇಲೆ ಅವಳೇ ಶುರುಮಾಡಿದಳು. ಇತ್ತು. ಮೈಸೂರಿನ ಆಸ್ಪತ್ರೆಗೆ ಅವ್ವನೇ ಕರೆದುಕೊಂಡು ಹೋಗುತ್ತಿದ್ದಳು. ತವರಿಗೆ ಹೋಗಿಬರುತ್ತೇವೆ ಎಂದು ಹೇಳಿ ಇಬ್ಬರೂ ಹೊರಡುತ್ತಿದ್ದರಂತೆ.

"ಚೀಟಿ ನನ್ನೆಸ್ರಲ್ಲಿ ಮಾಡ್ಸಿದ್ದೆ" ಎಂದಳು.

ನನಗೆ ಅರ್ಥವಾಗಲಿಲ್ಲ. ಯಾಕೆ ಎಂದೆ.

"ಅವ್ಳೆಸ್ರು ಬರ್ಸಿ, ಯಾರಾರ ನೋಡ್ಬುಟ್ಟಿದ್ರೆ ಅವ್ಳಿಗ್ ಮದ್ವೆ ಆಯ್ತಿತ್ತೇನವ್ವ? ನಂಗಾದ್ರೆ ಮದ್ವೆ ಆಗೋಗಿತ್ತು."

ಎಷ್ಟು ವರ್ಷ ಹಾಗೆ ನಡೆಯಿತು ಎಂದು ಕೇಳಿದೆ. ಅತ್ತೆಗೆ ಮದುವೆಯಾಗಿ ಮೊದಲ ಮಗು ಆಗುವವರೆಗೂ ಎಂದಳು. ಅಷ್ಟು ವರ್ಷ ಒಂದು ದೊಡ್ಡಾಸ್ಪತ್ರೆಯ ಪುಸ್ತಕದಲ್ಲಿ ನನ್ನ ಅವ್ವ ಮೂರ್ಛೆರೋಗಿ. ಮನೆಯಲ್ಲಿ ಅಪ್ಪನಿಗೆ ಬಿಟ್ಟು ಯಾರಿಗೂ ಇದು ತಿಳಿದಿರಲಿಲ್ಲ. ಅಣ್ಣನಿಗೆ ಈಗಲೂ ತಿಳಿದಿಲ್ಲ.

ಅತ್ತೆ ಈಗ ಚಿನಕುರಳಿಯ ಹತ್ತಿರ ಮಗನ ಮನೆಯಲ್ಲಿದ್ದಾಳೆ. ನಾಲ್ಕು ಹಸು ಕಟ್ಟಿದ್ದಾರೆ. ಮುಂದಿನ ವಾರ ಕಾಲೇಜಿನಿಂದ ಬರುವಾಗ ದಾರಿಯಲ್ಲಿ ಇಳಿದು ಅಲ್ಲಿಗೆ ಹೋದೆ. ಕಾಫಿ ಕುಡಿದೆ. ಹೇಗೆ ಕೇಳುವುದೆಂದು ಯೋಚಿಸುತ್ತಿದ್ದಾಗ, ಅವ್ವ ಫೋನು ಮಾಡಿ ಹೇಳಿದ್ದಾಳೆ ಎಂದು ಅತ್ತೆಯೇ ನಕ್ಕಳು. ಗೂಡಿನಲ್ಲಿದ್ದ ಮಾತ್ರೆ ಡಬ್ಬಿಯನ್ನು ತೋರಿಸಿದಳು. ಈಗ ಸೊಸೆಯೇ ತಿಂಗಳು ತಿಂಗಳು ಹೋಗಿ ತರುತ್ತಾಳಂತೆ. ಅತ್ತೆಯ ಹೆಸರಿನಲ್ಲೇ.

ಇದನ್ನೆಲ್ಲ ಬರೆಯಬಹುದೇ ಎಂದು ಕೇಳಿದೆ.

"ಬರ್ಕೊ" ಎಂದಳು. "ನಿಮ್ಮವ್ವ ಮಾಡಿದ್ದ ಮಾತ್ರ ಬುಡ್ದಂಗೆ ಬರಿ. ಈಗೇನು ನನ್ನ ಯಾರ್ ನೋಡಾಕ್ ಬಂದಾರು?"

ಹೆಸರು ಹಾಕುವುದಿಲ್ಲ ಎಂದೆ. ಅದಕ್ಕೆ ಅವಳು ತಲೆ ಆಡಿಸಿ, ಹಾಲು ಕರೆಯುವ ಹೊತ್ತಾಯಿತು, ಬಸ್ಸು ತಪ್ಪಿದರೆ ಇನ್ನೊಂದಕ್ಕೆ ಒಂದು ಗಂಟೆ ಕಾಯಬೇಕು ಎಂದು ನನ್ನನ್ನು ಎಬ್ಬಿಸಿದಳು.